ಹೆಚ್ಚಿದ ಬೆಂಡೋಲೆ

ರಾಣೆಬೆನ್ನೂರಿನ ಓಣಿಯಲ್ಲಿ ಹಾಲಿನವನ ಸೈಕಲ್ ಗಂಟೆ ಕೇಳುವ ಹೊತ್ತಿಗೆ ಕುಲ್ಸುಮಬಿ ಪೂರ್ವದ ಕಿಟಕಿಗೆ ಮುಖ ಮಾಡಿ ಕೂತಾಗಿದೆ. ಎದುರಿಗೆ ಪುಟ್ಟ ದೀಪ, ಚಿಮಟ, ಹಿತ್ತಾಳೆಯ ತಟ್ಟೆ. ಹಳೆಯ ವಜ್ರದ ಒಡವೆ ಬಿಚ್ಚಿ, ಅದೇ ಹರಳುಗಳಿಂದ ಇಂದಿನವರು ತೊಡುವಂಥದ್ದನ್ನು ಕಟ್ಟಿಕೊಡುವುದು ಅವರ ಕಸುಬು. "ಹರಳಿನ ಗುಣ ಬೆಳಗಿನ ಬೆಳಕಿನ್ಯಾಗ ಖರೇ ತಿಳೀತೈತ್ರಿ. ಟ್ಯೂಬ್‌ಲೈಟು ಎಲ್ಲಾನೂ ಚಂದ ತೋರಸ್ತೈತಿ" ಎಂದು ನಗುತ್ತಾರೆ.

ಅಂಗಡಿಯ ಹೆಸರು ಇಂದಿಗೂ ಗಂಡ ಚಾಂದಸಾಬರದು. ಕಸುಬು ಕಲಿಸಿದವರೂ ಅವರೇ. ಕೈನಡುಕ ಶುರುವಾದ ಮೇಲೆ ಚಿಮಟವನ್ನು ಹೆಂಡತಿಗೆ ಒಪ್ಪಿಸಿ, ಗಿರಾಕಿಗಳಿಗೆ ಚಹಾ ಹೇಳುವ ಕೆಲಸ ತಾವಿಟ್ಟುಕೊಂಡಿದ್ದಾರೆ. ಹಾವೇರಿ, ಬ್ಯಾಡಗಿಯ ಸರಾಫರು ಕಳಿಸುವ ಒಡವೆಗಳು ಕುಲ್ಸುಮಬಿಯ ಬೆರಳಿನಿಂದ ಹೊರಬಂದು "ಚಾಂದಸಾಬರ ಕೈ" ಎಂದು ಹೊಗಳಿಸಿಕೊಳ್ಳುತ್ತವೆ. ಆಕೆಗೆ ಅದರ ಬೇಸರವಿಲ್ಲ, ಬೇಸರವೇನಿದ್ದರೂ ನೋಡುವವರಿಗೆ.

ಕಳೆದ ತಿಂಗಳು ಕದರಮಂಡಲಗಿಯ ಶೇಖವ್ವ ಮೊಮ್ಮಗಳು ನಾಗಲಕ್ಷ್ಮಿಯೊಂದಿಗೆ ಬಂದರು. ಸೆರಗಿನ ಗಂಟಿನಲ್ಲಿ ಅತ್ತೆ ಕೊಟ್ಟ ವಜ್ರದ ಬೆಂಡೋಲೆ. ಅದರ ಭಾರಕ್ಕೆ ಶೇಖವ್ವನ ಕಿವಿ ಹರಿದು, ಓಲೆ ಟ್ರಂಕು ಸೇರಿ ಎಷ್ಟೋ ಕಾಲವಾಗಿತ್ತು. ದಿನಾ ಹಾಕಿಕೊಳ್ಳಲು ಹಗುರಾದ ಓಲೆ ಬೇಕೆಂಬುದು ಮೊಮ್ಮಗಳ ಆಸೆ. ಶೇಖವ್ವನ ಜೀವ ಮಾತ್ರ ಹಿಡಿಯಷ್ಟಾಗಿತ್ತು.

"ನಮ್ಮತ್ತಿ ತನ್ನ ಕೈಲೆ ನನ್ನ ಕಿವ್ಯಾಗ ಹಾಕಿದ್ಲು. ಅದನ್ನ ಹೆಂಗ ಮುರಸ್ಲಿ?" ಎಂದು ಗಂಟು ಬಿಗಿಹಿಡಿದು ಎದ್ದೇಬಿಟ್ಟರು.

ಕುಲ್ಸುಮಬಿ ಕೈ ಹಿಡಿದು ಕೂರಿಸಿದರು. ಅವರ ತಾಯಿ ಹಲಗೇರಿಯ ಮನೆಮನೆಗೆ ಹೋಗಿ ಬಳೆ ತೊಡಿಸಿದವರು. "ಬಳಿ ಒಡದ್ರ ನಮ್ಮವ್ವ ಒಡೀತು ಅಂತಿದ್ದಿಲ್ಲ, ಹೆಚ್ಚೀತು ಅಂತಿದ್ಲು. ನಾನೂ ಮುರಿಯಂಗಿಲ್ಲ ಯವ್ವಾ, ಹೆಚ್ಚಸ್ತೇನಿ. ಇಲ್ಲೇ ಕುಂದ್ರಿ, ನಿಮ್ಮ ಕಣ್ಮುಂದ."

ಶೇಖವ್ವ ಗಂಟು ಬಿಚ್ಚಿದರು. ದೀಪದ ಶಾಖಕ್ಕೆ ಓಲೆಯೊಳಗಿನ ಅರಗು ಮೆತ್ತಗಾಗಿ ಮೊದಲ ಹರಳು ತಟ್ಟೆಗೆ ಬಿದ್ದಾಗ ಕಣ್ಣು ಮುಚ್ಚಿಕೊಂಡರು.

ಇಂದು ಅಜ್ಜಿ, ಮೊಮ್ಮಗಳು ಮೊದಲ ಬಸ್ಸಿಗೇ ಬಂದಿದ್ದಾರೆ. ನಾಗಲಕ್ಷ್ಮಿಯ ಹಗುರ ಓಲೆ ಸಿದ್ಧವಾಗಿದೆ. ಅದರ ಪಕ್ಕದಲ್ಲಿ ಯಾರೂ ಕೇಳದೇ ಇದ್ದ ಒಂದು ಉಂಗುರ. ಮಿಕ್ಕ ಹರಳು, ಅದೇ ಹಳೆಯ ಬಂಗಾರ. ಕುಲ್ಸುಮಬಿ ಅದನ್ನು ಶೇಖವ್ವನ ಬೆರಳಿಗೆ ತೊಡಿಸುತ್ತಾರೆ, ಬಳೆ ತೊಡಿಸುವಷ್ಟೇ ಮೆಲ್ಲಗೆ. ಶೇಖವ್ವ ಬೆಳಕಿಗೆ ಕೈ ತಿರುಗಿಸಿ ತಿರುಗಿಸಿ ನೋಡುತ್ತಾರೆ. ಕಣ್ಣು ತುಂಬಿದೆ, ಬಾಯಿ ನಗುತ್ತಿದೆ.

"ಯಾರ್ ಮಾಡಿದ್ರು ಅಂತ ಮಂದಿ ಕೇಳಿದ್ರ ನಿಮ್ಮ ಹೆಸರ ಹೇಳ್ತೇನ್ರಿ" ಎನ್ನುತ್ತಾಳೆ ನಾಗಲಕ್ಷ್ಮಿ.

"ನನ್ನ ಹೆಸರ ಇರ್ಲಿ ಬಿಡವಾ" ಎಂದು ಕುಲ್ಸುಮಬಿ ದೀಪ ಆರಿಸುತ್ತಾರೆ. "ಅಜ್ಜಿ ಬೆಂಡವಾಲಿ ಎಲ್ಲಿ ಅಂತ ಕೇಳಿದ್ರ, ಮುರಿಸೀವಿ ಅನಬ್ಯಾಡ. ಹೆಚ್ಚೇತಿ ಅನ್ನು. ಅಷ್ಟ ಸಾಕು ನನಗ."