ನಾಲ್ಕು ಹಿತ್ತಾಳೆ ಸ್ಕ್ರೂಗಳು

ಮೇಸ್ತ್ರಿಯ ಬಲಗೈ ಹೆಬ್ಬೆರಳಿನ ಉಗುರು ಅರ್ಧ ಅಂಗುಲ ಬೆಳೆದಿತ್ತು. ಹಳದಿಗಟ್ಟಿ, ತುದಿಯಲ್ಲಿ ಎಣ್ಣೆಯ ಕಪ್ಪು ಕೂತು, ನೋಡಿದವರಿಗೆ ಊಟ ಸೇರದ ಹಾಗಿತ್ತು. ಅದೇ ಅವನ ಅಳತೆಗೋಲು. ಯಾವ ಸ್ಕ್ರೂ ಕೊಟ್ಟರೂ ಅದರ ಸುತ್ತುಗಳ ಮೇಲೆ ಆ ಉಗುರನ್ನು ಒಮ್ಮೆ ಎಳೆದು, ಕಣ್ಣು ಮುಚ್ಚಿಕೊಂಡು, ಅದು ಇಂಗ್ಲೆಂಡಿನದೋ ಅಮೆರಿಕದ್ದೋ ಎಂದು ಹೇಳುತ್ತಿದ್ದ. ಹೇಳಿ ಆದಮೇಲೆ ಕಣ್ಣು ಬಿಟ್ಟು ತಂದವನನ್ನು ನೋಡುತ್ತಿದ್ದ. ಇಷ್ಟೂ ತಿಳಿಯದವನು ಯಾವ ಧೈರ್ಯದ ಮೇಲೆ ಮೀಸೆ ಬಿಟ್ಟಿದ್ದಾನೆ ಎನ್ನುವ ನೋಟ ಅದು.

ನಾನು ಅವನನ್ನು ಒಂದು ದಿನವೂ ಇಷ್ಟಪಟ್ಟವನಲ್ಲ. ಅರಸೀಕೆರೆ ಸ್ಟೇಷನ್ನಿನ ಹಿಂದೆ ಅವನದೊಂದು ತಗಡಿನ ಶೆಡ್ಡು. ಲಾರಿ, ನೀರಿನ ಪಂಪು, ಹೊಲಿಗೆ ಮಿಷನ್ನು ಎಲ್ಲವೂ ಅಲ್ಲಿಗೆ ಬರುತ್ತಿದ್ದವು, ಯಾಕೆಂದರೆ ಸುತ್ತ ಇಪ್ಪತ್ತು ಮೈಲಿಯಲ್ಲಿ ಬೇರೆ ಗತಿ ಇರಲಿಲ್ಲ. ಬಂದವರೆಲ್ಲ ಬೈಸಿಕೊಂಡೇ ಹೋಗುತ್ತಿದ್ದರು. "ಯಂತ್ರ ಸುಳ್ಳು ಹೇಳಲ್ಲ, ಯಜಮಾನ್ರು ಹೇಳ್ತಾರೆ" ಎನ್ನುವುದು ಅವನ ಮಾತು. ಗಿರಾಕಿ ಪೆದ್ದುಪೆದ್ದಾಗಿ ಏನಾದರೂ ಅಂದರೆ ಅವನಿಗೆ ಉತ್ತರವನ್ನೇ ಕೊಡುತ್ತಿರಲಿಲ್ಲ. ಗಾಡಿಯ ಕಡೆ ತಿರುಗಿ, ಅದರ ಬಾನೆಟ್ಟಿನ ಮೇಲೆ ಕೈಯಿಟ್ಟು, "ಕೇಳಿಸ್ಕಂಡ್ಯಾ?" ಎನ್ನುತ್ತಿದ್ದ. ಮನುಷ್ಯರ ಜೊತೆ ಆಡದ ಮೆತ್ತಗಿನ ದನಿ ಗಾಡಿಗಳ ಜೊತೆ ಬರುತ್ತಿತ್ತು.

ಅವನ ಹತ್ತಿರ ನಾನು ಹೋದದ್ದು ನಮ್ಮಪ್ಪನ ಕಾರಿಗಾಗಿ. ನಮ್ಮದು ಕೊಬ್ಬರಿ ವ್ಯಾಪಾರದ ಮನೆ. ಅರೇಹಳ್ಳಿ ಕಡೆಯ ಕಾಫಿತೋಟದ ಬಿಳಿಯನೊಬ್ಬ ತನ್ನ ದೇಶಕ್ಕೆ ಹೊರಟಾಗ ಅಪ್ಪ ಅವನ ಹಳೆಯ ಇಂಗ್ಲಿಷ್ ಕಾರನ್ನು ಕೊಂಡಿದ್ದರು. ಎರಡು ವರ್ಷ ಓಡಿಸಿದರು, ತೀರಿಕೊಂಡರು. ಆಮೇಲೆ ಹನ್ನೆರಡು ವರ್ಷ ಅದು ಕೊಬ್ಬರಿ ಗೋದಾಮಿನಲ್ಲಿ ನಿಂತಿತು. ಸೀಟಿನ ಮೇಲೆ ಕೋಳಿಗಳು ಮೊಟ್ಟೆಯಿಟ್ಟವು. ನಾನು ಅಪ್ಪನ ಮಗ, ಒಂದು ದಿನವೂ ಅದರ ಧೂಳು ಒರೆಸಲಿಲ್ಲ. ಮುಂದಿನ ಗಾಜು ಅದರ ಹಿತ್ತಾಳೆ ಚೌಕಟ್ಟಿನ ಸಮೇತ ಯಾವಾಗ ಕಾಣೆಯಾಯಿತು ಎನ್ನುವುದೂ ನನಗೆ ಗೊತ್ತಿರಲಿಲ್ಲ.

ಅವ್ವ ಆ ಕಾರಿನಲ್ಲಿ ಕೂತವಳೇ ಅಲ್ಲ. ಅಪ್ಪನ ಕಾಲದಲ್ಲಿ ನಮ್ಮ ಮನೆಯ ಹೆಂಗಸರಿಗೆ ಕಮಾನು ಗಾಡಿ, ಅದಕ್ಕೆ ಹಿಂದೆ ಮುಂದೆ ಪರದೆ. ಈಗ ಅವಳ ಕಣ್ಣು ಹೋಗುತ್ತಿತ್ತು. ಡಾಕ್ಟರು ನೋಡಿ, ಇನ್ನೊಂದು ವರ್ಷ ಕಾಣಬಹುದು, ಗಾಳಿ ಧೂಳು ಸೋಕಿಸಬೇಡಿ ಅಂದರು. ಮನೆಗೆ ಬಂದ ಮೇಲೆ ಅವ್ವ ಕೇಳಿದಳು, "ನಿಮ್ಮಪ್ಪನ ಗಾಡಿಯಾಗೆ ಮುಂದುಗಡೆ ಕೂತ್ಕಂಡು ಒಂದ್ಸಲ ನಮ್ಮೂರಿನ ಕೆರೆ ನೋಡ್ಬೇಕು ಕಣೋ." ಅವಳ ತವರು ಹಳೇಬೀಡು. ಆ ಬಯಲಿನ ರಸ್ತೆಯಲ್ಲಿ ಮುಂದಿನ ಗಾಜಿಲ್ಲದೆ ಅವಳನ್ನು ಕೂರಿಸಿಕೊಂಡು ಹೋದರೆ, ಕೆರೆ ಬರುವುದರೊಳಗೆ ಇದ್ದ ಕಣ್ಣೂ ಹೋಗುತ್ತಿತ್ತು.

ಅವ್ವನ ಆಸೆ ಕೇಳಿದ ಮೇಸ್ತ್ರಿ ಎರಡು ತಿಂಗಳಲ್ಲಿ ಎಂಜಿನ್ನಿಗೆ ಜೀವ ತಂದ. ಗಾಜನ್ನು ಮಾತ್ರ ನೀವೇ ಹುಡುಕಿ ತನ್ನಿ ಅಂದ. ಪೇಟೆಯಲ್ಲಿ ಹಳೇ ಸಾಮಾನಿನ ಅಂಗಡಿಯವನೊಬ್ಬ ಯಾವುದೋ ಬಸ್ಸಿನ ಚೌಕಟ್ಟನ್ನು ತೋರಿಸಿ, ಇದು ಎಲ್ಲಾ ಗಾಡಿಗೂ ಆಗುತ್ತದೆ ಎಂದು ಎದೆ ತಟ್ಟಿ ಹೇಳಿದ. ನಾನು ನಂಬಿ ಹೊತ್ತುಕೊಂಡು ಹೋದೆ. ಮೇಸ್ತ್ರಿ ಅದರ ಸ್ಕ್ರೂವಿನ ಮೇಲೆ ಉಗುರು ಎಳೆದ. ಕಣ್ಣು ಮುಚ್ಚುವ ಮರ್ಯಾದೆಯನ್ನೂ ಅದಕ್ಕೆ ಕೊಡಲಿಲ್ಲ.

"ಅಮೆರಿಕದ್ದು. ನಿಮ್ಮ ಗಾಡಿಯಾಗೆ ಗಾಜು ಹಿಡಿಯೋ ಕಂಬದಾಗಿರೋ ತೂತು ಇಂಗ್ಲೆಂಡಿಂದು. ಎಲ್ಲಾ ಗಾಡಿಗೂ ಆಗ್ತದೆ ಅಂದ್ನಾ? ಅವನ ತಲೆ ಎಲ್ಲಾ ಕುತ್ತಿಗೆಗೂ ಆಗ್ತದಾ ಕೇಳ್ಬೇಕಾಗಿತ್ತು."

"ಬಿಗಿ ಮಾಡಿ ತಿರುಗಿಸಿದ್ರೆ ಕೂರಲ್ವಾ ಮೇಸ್ತ್ರಿ?" ಎಂದೆ.

ಅವನು ಕಾರಿನ ಕಡೆ ತಿರುಗಿದ. "ಕೇಳಿಸ್ಕಂಡ್ಯಾ?"

ಜಾವಗಲ್ಲಿನಲ್ಲಿ ಒಂದು ಹಳೆಯ ಇಂಗ್ಲಿಷ್ ಗಾಡಿ ಬಿದ್ದಿದೆ ಎಂದು ಸುದ್ದಿ ಬಂದು ಇಬ್ಬರೂ ಬಸ್ಸಿನಲ್ಲಿ ಹೋದೆವು. ಅಲ್ಲಿದ್ದದ್ದು ಒಂದು ತುಕ್ಕಿನ ಗುಪ್ಪೆ. ಜಾವಗಲ್ಲಿನಲ್ಲೇ ನಮ್ಮ ಚಿಕ್ಕಪ್ಪನ ಮನೆ. ಬಿಸಿಲು ಇಳಿಯಲಿ ಎಂದು ಅಲ್ಲಿಗೆ ಹೋದೆವು. ಚಿಕ್ಕಪ್ಪ ನನ್ನನ್ನು ಒಳಗೆ ಕರೆದು, ಮೇಸ್ತ್ರಿಗೆ ಜಗಲಿ ತೋರಿಸಿದರು. ಅವನು ಜಗಲಿಯಲ್ಲಿ ಕೂತು ಮಜ್ಜಿಗೆ ಕುಡಿಯುತ್ತ ಬಾಗಿಲಿನಿಂದ ಒಳಗೆ ನೋಡುತ್ತಿದ್ದವನು ಲೋಟ ಕೆಳಗಿಟ್ಟ.

ಎದುರಿಗೆ ಪೂಜೆ ಕೋಣೆ. ಅದರಲ್ಲಿ ನಮ್ಮ ಕಾರಿನ ಮುಂದಿನ ಗಾಜು. ನಾನು ಅದಕ್ಕೆ ಎಷ್ಟೋ ಸಲ ಕೈಮುಗಿದಿದ್ದೆ, ಗುರುತು ಹಿಡಿದಿರಲಿಲ್ಲ. ಕೆಳಗಿನ ಅರ್ಧದ ಹಿಂದೆ ಮಠದ ಹಿರಿಯ ಗುರುಗಳ ಪಟ, ಮಡಚುವ ಮೇಲಿನ ಅರ್ಧದ ಹಿಂದೆ ಶಿವಪಾರ್ವತಿ. ಪಕ್ಕಗಳಲ್ಲಿ ದಪ್ಪ ತಲೆಯ ನಾಲ್ಕು ಸ್ಕ್ರೂ, ಒಂದೊಂದರಿಂದ ಒಂದೊಂದು ಹೂವಿನ ಹಾರ. ಅಪ್ಪನ ಕರ್ಮಕ್ಕೆ ಬಂದಿದ್ದ ಚಿಕ್ಕಪ್ಪ ಹಿತ್ತಾಳೆಯ ಹೊಳಪು ನೋಡಿ, ಅಣ್ಣನ ನೆನಪಿಗೆ ಎಂದು ಬಿಚ್ಚಿಕೊಂಡು ಬಂದಿದ್ದರಂತೆ. ಅವ್ವನಿಗೆ ಇದು ಮೊದಲಿನಿಂದಲೂ ಗೊತ್ತಿತ್ತು ಎಂದು ನನಗೆ ಆಮೇಲೆ ತಿಳಿಯಿತು. "ಮೈದುನ ತಗಂಡೋದ ಅಂತ ಬಾಯಿಬಿಟ್ಟು ಹೇಳೋದು ಹೆಂಗೋ?" ಎಂದಳು. ಕಣ್ಣು ಹೋದರೂ ಸರಿ, ಮೈದುನನ ಮಾನ ಹೋಗಬಾರದು. ನಮ್ಮ ಮನೆತನದ ದೊಡ್ಡಸ್ತಿಕೆಯೆಂದರೆ ಇದೇ.

"ಪೂಜೆ ಆಗಿರೋದನ್ನ ತೆಗಿಯೋ ಹಂಗಿಲ್ಲ. ಬೀದಿ ಗಾಡಿಗೆ ಕೊಡ್ತಾರೇನೋ?" ಎಂದು ಚಿಕ್ಕಪ್ಪ ಗದರಿದರು.

ಮೇಸ್ತ್ರಿ ಹೊಸಿಲಿನಾಚೆ ನಿಂತು ಹೇಳಿದ, "ಪಟ ನಿಮಗೇ ಇರ್ಲಿ ಸ್ವಾಮಿ. ಒಳಗೆ ಕೂತಿರೋ ಗುರುಗಳಿಗೆ ಎದುರುಗಾಳಿ ಹೊಡೀತದಾ? ಹೊಡೆಯೋದು ಆಯಮ್ಮನ ಕಣ್ಣಿಗೆ."

ಚಿಕ್ಕಪ್ಪನ ಮುಖ ಕೆಂಪಾಯಿತು. ನನಗೂ ಸಿಟ್ಟು ಬಂತು, ಅದೂ ಮೇಸ್ತ್ರಿಯ ಮೇಲೆ. ಸರಿಯಾದ ಮಾತನ್ನು ಆಡಬಾರದ ಜಾಗದಲ್ಲಿ ನಿಂತು ಆಡುವುದು ಅವನ ರೋಗ ಎಂದುಕೊಂಡೆ. ನಾನಾದರೂ ಆ ಮಾತನ್ನು ಯಾವ ಜಾಗದಲ್ಲೂ ಆಡಿರಲಿಲ್ಲ.

ಎಂಟು ದಿನ ಶೆಡ್ಡಿನ ಕೆಲಸ ನಿಲ್ಲಿಸಿ ಅವನು ಆ ಪಟಗಳಿಗೆಂದು ತೇಗದ ಚೌಕಟ್ಟೊಂದನ್ನು ಮಾಡಿದ. ಅಂಚಿಗೆ ಬಳ್ಳಿ ಕೆತ್ತಿದ, ಮೂಲೆಗೊಂದು ನಂದಿ ಕೂರಿಸಿದ, ಮೆರುಗೆಣ್ಣೆ ಹಚ್ಚಿದ. ನಾನು ಅದನ್ನು ಜಾವಗಲ್ಲಿಗೆ ಒಯ್ದಾಗ ಚಿಕ್ಕಮ್ಮ ನೋಡಿ, ಇದೇ ಚೆಂದ ಅಂದರು. ಅಲ್ಲಿಗೆ ಚಿಕ್ಕಪ್ಪನ ಭಕ್ತಿ ಹಿತ್ತಾಳೆಯಿಂದ ತೇಗಕ್ಕೆ ವರ್ಗವಾಯಿತು. ಸೋಮವಾರ ಮಂಗಳಾರತಿ ಮುಗಿಸಿ ಗಾಜನ್ನು ನನ್ನ ಕೈಗೆ ಕೊಟ್ಟು, ಇನ್ನುಮೇಲೆ ಚಪ್ಪಲಿ ಹಾಕಿಕೊಂಡು ಆ ಕಾರು ಓಡಿಸಬಾರದು ಎಂದು ಕಟ್ಟಪ್ಪಣೆ ಮಾಡಿದರು.

ಗಾಜಿಗೆ ಒಂದು ಗೀರೂ ಬಿದ್ದಿರಲಿಲ್ಲ. ಆದರೆ ಸ್ಕ್ರೂಗಳು ಕೆಟ್ಟಿದ್ದವು. ಹನ್ನೆರಡು ವರ್ಷ ದಿನಾ ಬೆಳಿಗ್ಗೆ ಅವನ್ನು ಬಿಚ್ಚಿ ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದ್ದರು. ಸುತ್ತುಗಳೆಲ್ಲ ಸವೆದು ಬಳಪದ ಕಡ್ಡಿಯಂತೆ ನುಣ್ಣಗಾಗಿದ್ದವು. ಮೇಸ್ತ್ರಿ ಉಗುರು ಎಳೆದ, ಮತ್ತೆ ಎಳೆದ. "ಭಕ್ತಿ ಜಾಸ್ತಿ ಆಗೈತೆ" ಅಂದ. ಅಂಥ ಸ್ಕ್ರೂ ಅಂಗಡಿಯಲ್ಲಿ ಸಿಗುವಂಥದಲ್ಲ. ಲೇತಿನಲ್ಲಿ ಹೊಸದಾಗಿ ಕಡೆಯಬೇಕು, ಅವನ ಶೆಡ್ಡಿನಲ್ಲಿ ಲೇತು ಇಲ್ಲ.

ಊರಿನಲ್ಲಿ ಲೇತು ಇದ್ದದ್ದು ಒಂದು ಎಣ್ಣೆ ಗಿರಣಿಯಲ್ಲಿ ಮಾತ್ರ. ಮೇಸ್ತ್ರಿ ಹಿಂದೆ ಅಲ್ಲೇ ಕೆಲಸಕ್ಕಿದ್ದವನು. ಆಳುಗಳ ಎದುರಿಗೆ ಯಜಮಾನನಿಗೆ, ಗಾಣದ ಎತ್ತಿಗೆ ನಿಮಗಿಂತ ಯಂತ್ರದ ತಿಳುವಳಿಕೆ ಐತೆ ಎಂದು ಹೇಳಿ ಕೆಲಸ ಕಳೆದುಕೊಂಡಿದ್ದ. ಸತ್ತರೂ ಆ ಗೇಟು ದಾಟುವುದಿಲ್ಲ ಎಂದು ಅವನು ಆಣೆಯಿಟ್ಟಿದ್ದು ಊರಿಗೆಲ್ಲ ಗೊತ್ತಿತ್ತು.

ನಾಲ್ಕು ದಿನ ಬಿಟ್ಟು ಹೋದಾಗ ಗಾಜು ಕಾರಿನ ಮೇಲೆ ಕೂತಿತ್ತು. ನಾಲ್ಕು ಹೊಸ ಸ್ಕ್ರೂಗಳೂ ಬೆರಳಲ್ಲೇ ತಿರುಗುತ್ತಿದ್ದವು. ಅವನಿಗೆ ಲೇತು ಯಾರು ಕೊಡುತ್ತಾರೆ ಎನ್ನುವ ಲೆಕ್ಕಾಚಾರದಲ್ಲಿ ನಾನು ನಗುತ್ತ ಕೇಳಿಬಿಟ್ಟೆ, "ಯಾರ ಗಾಡಿಯಿಂದ ಬಿಚ್ಕಂಡು ಬಂದ್ರಿ ಮೇಸ್ತ್ರಿ? ಕದ್ದ ಮಾಲಲ್ಲಿ ನಮ್ಮವ್ವನ್ನ ಕೂರಿಸ್ಬೇಡಿ."

ಅವನು ನನ್ನ ಮುಖ ನೋಡಲಿಲ್ಲ. ಬಾನೆಟ್ಟಿನ ಮೇಲೆ ಕೈಯಿಟ್ಟ. ಈ ಸಲ ಗಾಡಿಗೂ ಏನೂ ಹೇಳಲಿಲ್ಲ.

ಮಾರನೇ ದಿನ ಬೆಳಿಗ್ಗೆ ಅವನೇ ಕಾರು ಓಡಿಸಿದ. ಅವ್ವ ಮುಂದೆ, ನಾನು ಹಿಂದೆ. ಜಾವಗಲ್ ದಾಟುವಾಗ ಅವ್ವ, "ವಿಭೂತಿ ವಾಸ್ನೆ ಬತ್ತೈತಲ್ಲೋ" ಅಂದಳು. ಗಾಜಿನ ಸಂದಿಯಲ್ಲಿ ಅದು ಇನ್ನೂ ಉಳಿದಿತ್ತು. ಹಳೇಬೀಡಿನ ಏರಿಯ ಮೇಲೆ ಮೇಸ್ತ್ರಿ ಕಾರು ನಿಲ್ಲಿಸಿ, ಇಳಿದು, ಹೆಗಲ ಟವಲಿನಿಂದ ಗಾಜನ್ನು ಮೂಲೆ ಮೂಲೆಯೂ ಒರೆಸಿದ. ಅವ್ವ ಮುಂದಕ್ಕೆ ಬಾಗಿದಳು. "ನೀರು ಕಾಣ್ತೈತೆ. ಆಚೆ ದಡದಾಗೆ ಯಾರೋ ಬಟ್ಟೆ ಒಗೀತಾವ್ರೆ" ಅಂದಳು. ಮೇಸ್ತ್ರಿ ಮುಖವನ್ನು ಆಚೆ ತಿರುಗಿಸಿಕೊಂಡು, ಒರೆಸಿದ ಗಾಜನ್ನೇ ಮತ್ತೆ ಒರೆಸಿದ. ಅದಾದ ಎಂಟು ತಿಂಗಳಲ್ಲಿ ಅವ್ವನ ಎರಡು ಕಣ್ಣೂ ಹೋದವು.

ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಮೇಸ್ತ್ರಿ ಜ್ವರ ಬಂದು ತೀರಿಕೊಂಡ. ಮಣ್ಣಿಗೆ ಬಂದವರು ಹತ್ತು ಜನ ಇರಲಿಲ್ಲ. ಎಣ್ಣೆ ಗಿರಣಿಯ ಯಜಮಾನ ಮಾತ್ರ ಜರಿ ರುಮಾಲು ಸುತ್ತಿಕೊಂಡು ಬಂದಿದ್ದ. ನನ್ನ ಪಕ್ಕ ನಿಂತು ಪಿಸುಗುಟ್ಟಿದ, "ಎಂಥಾ ಸೊಕ್ಕಿತ್ತು ಕಣ್ರೀ ಇವನಿಗೆ. ಕೊನೆಗೆ ನನ್ನ ಗೇಟಿಗೇ ಬಂದ. ಯಾರೋ ವಯಸ್ಸಾದ ಹೆಂಗಸು ಕೆರೆ ನೋಡ್ಬೇಕಂತೆ, ನಾಲ್ಕು ಸ್ಕ್ರೂ ಕಡೀಬೇಕು, ಒಂದು ಮಧ್ಯಾಹ್ನ ಲೇತು ಕೊಡಿ ಅಂದ. ಬಿಟ್ಟೇನಾ? ಆಳುಗಳ್ನೆಲ್ಲ ಕರೆಸಿ, ಅವರ ಮುಂದೆ ನನ್ನ ಕಾಲು ಹಿಡಿಸಿದೆ." ಆ ಗೆಲುವಿನ ಮುಖಕ್ಕೆ ಉಗಿಯಬೇಕು ಅನ್ನಿಸಿತು. ಆದರೆ ನಾನು ಅವನಿಗಿಂತ ಏನೂ ಮೇಲಾಗಿರಲಿಲ್ಲ.

ಮನೆಗೆ ಬಂದು ಸ್ನಾನ ಮಾಡಿದೆ. ಅವ್ವ ನಡುಮನೆಯ ಗೋಡೆಗೆ ಒರಗಿ ಕೂತಿದ್ದಳು. "ಯಾರು ಹೋಗಿದ್ದು? ಅವತ್ತು ಗಾಜು ಒರೆಸ್ದೋನಾ?" ಎಂದು ಕೇಳಿದಳು. ಹೌದು ಎಂದೆ.

"ನಂಗೆ ಕೆರೆ ತೋರಿಸ್ದ ಪುಣ್ಯಾತ್ಮ. ನೀನು ಅವನಿಗೆ ಒಂದು ಒಳ್ಳೇ ಮಾತಾದ್ರೂ ಆಡಿದ್ಯೇನೋ?"

ಕಳ್ಳ ಅಂದಿದ್ದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ. ಆಡಿದ್ದೆ ಕಣವ್ವ ಎಂದೆ. ಅವ್ವ ನಂಬಿದಳು, ಅವಳಿಗೆ ನನ್ನ ಮುಖ ಕಾಣುತ್ತಿರಲಿಲ್ಲ.