ಒಂದೇ ಒದೆತದ ಮೋಜಣಿ

ಸ್ಟೇಷನ್ ರಸ್ತೆಯ ಗೇಮ್ ಅಂಗಡಿಗೆ ಹೊಸ ಫೈಟಿಂಗ್ ಗೇಮ್ ಬಂದಿದೆ ಎಂದು ಗೊತ್ತಾದದ್ದೇ ತಡ, ನಾನೂ ತೊರವಿ ಊರಿನ ನನ್ನ ಗೆಳೆಯನೂ ಓಡಿದೆವು. ಹಳೆಯ ಆಟದಲ್ಲಿ ನಮ್ಮನ್ನು ಸೋಲಿಸುವವರೇ ಇರಲಿಲ್ಲ. ಈ ಹೊಸದರಲ್ಲಿ ಅವನೋ, ತೆರೆಯ ಮೇಲಿನ ಅಭ್ಯಾಸದ ಬೊಂಬೆಯೆದುರು ತನ್ನ ಆಟಗಾರನನ್ನು ಹಿಂದೆ ಮುಂದೆ ನಡೆಸುತ್ತ, ಎಷ್ಟು ದೂರದಿಂದ ತಾಗುತ್ತದೆಂದು ಅಳೆಯಲು ಒಂದೇ ಒದೆತವನ್ನು ಮತ್ತೆ ಮತ್ತೆ ಒದೆಯುತ್ತಿದ್ದ. ನನಗೆ ತಲೆ ಕೆಟ್ಟಿತು.

“ಲೇ, ಹೊಲದ ಮೋಜಣಿ ಮಾಡಾಕತ್ತಿಯೇನು? ಆಡೂಣು ಬಾ!”

ಆಡಿದೆವು. ಅವನು ಒದ್ದಾಗಲೆಲ್ಲ ನನ್ನ ಕೈ ಹಳೆಯ ಆಟದ ರೂಢಿಯಂತೆ ತಡೆಯಲು ಸ್ಟಿಕ್ಕನ್ನು ಹಿಂದಕ್ಕೆಳೆಯುತ್ತಿತ್ತು. ಇಲ್ಲಿ ತಡೆಯುವುದಕ್ಕೆ ಬೇರೆಯೇ ಬಟನ್! ಅದೇ ಒದೆತಕ್ಕೆ ಮೂರು ಸಲ ಅಂಗಾತ ಬಿದ್ದೆ.

ಎಷ್ಟು ದಿನಗಳಾಗಿದ್ದವು, ಹೀಗೆ ಏನೂ ಬಾರದವನಾಗಿ ಆಡಿ! ನಗುತ್ತ ಅಭ್ಯಾಸದ ಬೊಂಬೆಯನ್ನು ಮತ್ತೆ ತೆರೆಗೆ ತಂದೆ.

“ಆ ಕಡೆ ಸರಿಯಲೇ,” ಎಂದೆ. “ಈಗ ನಂದು ಮೋಜಣಿ!”