ಹುರುಪೆಯಕ್ಕನ ಹೊಳಪು

ಕಾರ್ಖಾನೆಯಲ್ಲಿ ಎಲ್ಲರೂ ಅವಳನ್ನು ಹುರುಪೆಯಕ್ಕ ಎಂದೇ ಕರೆಯುತ್ತಿದ್ದರು. ಮೂವತ್ತೊಂದು ವರ್ಷ ಮೀನಿನ ಹುರುಪೆ ತೊಳೆದು ತೊಳೆದು ಬೆರಳ ತುದಿಯ ಗೆರೆಗಳೇ ಸವೆದುಹೋಗಿದ್ದವು. ಬಸ್ಸಿನಲ್ಲಿ ಅವಳ ಪಕ್ಕದ ಸೀಟು ಸದಾ ಖಾಲಿ. "ಒಳ್ಳೇದೇ ಆಯ್ತು, ಆರಾಮಾಗಿ ಕಾಲು ಚಾಚ್ಬಹುದು" ಎಂದು ಅವಳೇ ನಗುತ್ತಿದ್ದಳು. ಆ ನಾರುವ ಕೈಯಿಂದ ಬಂದ ಹೊಳಪನ್ನು ಗಾಜಿನ ಮಣಿಗೆ ಬಳಿದರೆ ಮಣಿ ಮುತ್ತಾಗುತ್ತಿತ್ತು. ಅದನ್ನು ಕೊರಳಿಗೆ ಹಾಕಿಕೊಂಡವರು ಯಾರೂ ಮೂಗು ಮುಚ್ಚಿಕೊಂಡದ್ದನ್ನು ನಾನಂತೂ ಕಂಡಿಲ್ಲ.

ಹುರುಪೆಗೆ ಅಂಟಿದ ಬೆಳ್ಳನೆಯ ಪದರವನ್ನು ನೀರಿನಲ್ಲಿ ಬಿಡಿಸಬೇಕು, ಅಮೋನಿಯ ಬೆರೆಸಿ ಲೋಳೆ ಕಳೆಯಬೇಕು, ಬಟ್ಟೆಯಲ್ಲಿ ಸೋಸಿ ತಳ ಕೂರಲು ಬಿಡಬೇಕು. ಕೊನೆಗೆ ಉಳಿಯುವುದು ಗ್ವಾನಿನ್ ಎಂಬ ವಸ್ತುವಿನ ಹರಳುಗಳು. ಕಣ್ಣಿಗೆ ಕಾಣದಷ್ಟು ತೆಳ್ಳನೆಯ ತಗಡುಗಳು ಅವು. ನೀರಿಗೆ ಕರಗುವುದಿಲ್ಲ, ಸ್ಪಿರಿಟ್ಟಿಗೂ ಜಗ್ಗುವುದಿಲ್ಲ, ಬೆಳ್ಳಿಯ ಹಾಗೆ ಕಪ್ಪಾಗುವುದೂ ಇಲ್ಲ. ಮೆಲ್ಲಗೆ ಕಲಕಿದರೆ ಎಲ್ಲವೂ ಒಂದೇ ಕಡೆಗೆ ಮಗ್ಗುಲಾಗಿ ಬೆಳಕನ್ನು ಹಿಂದಕ್ಕೆಸೆಯುತ್ತವೆ. ಒರಟಾಗಿ ಅರೆದರೆ ಹರಳು ಮುರಿದು ಬರೀ ಸುಣ್ಣದ ನೀರಿನಂತಾಗುತ್ತದೆ. ಪ್ರಬಲ ಆಸಿಡ್ ಬಿದ್ದರಂತೂ ಮುಗಿಯಿತು, ಕರಗಿ ಹೇಳಹೆಸರಿಲ್ಲದಂತಾಗುತ್ತದೆ. ಅದಕ್ಕೇ ಗಾಜಿನ ತೊಟ್ಟಿ ತೊಳೆಯುವ ಆಸಿಡ್ ಜಾಡಿಯನ್ನು ಅವಳು ಯಾರ ಕೈಗೂ ಕೊಡದೆ ತನ್ನ ಮೇಜಿನ ಕೆಳಗೇ ಇಟ್ಟುಕೊಂಡಿದ್ದಳು.

ತಾಳಿಕೊಂಡು ಕಾಯುವುದನ್ನು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗಂಡ ಬದುಕಿದ್ದಷ್ಟು ಕಾಲ ಬೆಲ್ಟು ಬಿಚ್ಚಿ ಹೊಡೆದ. ಒಮ್ಮೆ ಪಕ್ಕೆಲುಬು ಮುರಿದ, ಒಮ್ಮೆ ತಲೆಯನ್ನು ಬಾಗಿಲ ಚೌಕಟ್ಟಿಗೆ ಕುಟ್ಟಿದ. ಅವಳು ಹಲ್ಲುಕಚ್ಚಿ ಸಹಿಸಿದಳು. ಒಂದು ದಿನ ಕುಡಿದು ಲಾರಿಯಡಿ ಸಿಕ್ಕು ಅವನೇ ಹೋದ. ತನ್ನ ತಾಳ್ಮೆ ಗೆದ್ದಿತು ಎಂದುಕೊಂಡಳು ಪಾಪ.

ಮಗಳನ್ನು ಗೇಟು ಮಾಡುವ ವೆಲ್ಡರ್ ಒಬ್ಬನಿಗೆ ಕೊಟ್ಟಳು. ಮಗಳು ಮೊದಲ ಸಲ ಓಡಿಬಂದಾಗ ಕಣ್ಣು ಊದಿ ಮುಚ್ಚಿತ್ತು. ಎರಡನೆಯ ಸಲ ನೆತ್ತಿಯ ಮೇಲೆ ಅಂಗೈಯಗಲ ಕೂದಲೇ ಇರಲಿಲ್ಲ. ಎರಡು ಸಲವೂ ಹುರುಪೆಯಕ್ಕ ಒದ್ದೆಬಟ್ಟೆ ಇಟ್ಟು, ಊಟ ಬಡಿಸಿ, ತಾನೇ ಗಂಡನ ಮನೆಯ ಬಸ್ಸು ಹತ್ತಿಸಿದಳು. "ಕಲಕ್ಬೇಡ ಮಗಳೇ. ಬಿಟ್ರೆ ಎಲ್ಲಾ ತಾನಾಗೇ ತಳ ಕೂರುತ್ತೆ" ಎಂದಳು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂಬ ಗಾದೆಯನ್ನೂ ಸೇರಿಸಿದಳು. ಆ ಗಾದೆ ಕಟ್ಟಿದವನಿಗೆ ಯಾರೂ ಬೆಲ್ಟಿನಲ್ಲಿ ಹೊಡೆದಿರಲಿಕ್ಕಿಲ್ಲ. ತೊಟ್ಟಿಯ ನ್ಯಾಯವನ್ನು ಮನುಷ್ಯರಿಗೆ ಹಚ್ಚಿದ್ದು ಅವಳದೇ ತಪ್ಪು, ಅದನ್ನು ನಾನು ಮುಚ್ಚಿಡುವುದಿಲ್ಲ.

ಮೂರನೆಯ ಸಲ ಮಗಳು ತಾಯಿಯ ಮನೆಗೆ ಹೋಗಲಿಲ್ಲ, ಬೆಳಿಗ್ಗೆ ಹತ್ತಕ್ಕೆ ನೇರ ಕಾರ್ಖಾನೆಗೇ ಬಂದಳು. ಬಲಗೈ ಮಣಿಕಟ್ಟು ಮುರಿದು ಜೋತುಬಿದ್ದಿತ್ತು. ಕುತ್ತಿಗೆಯ ಮೇಲೆ ವೆಲ್ಡಿಂಗ್ ಕಡ್ಡಿಯಿಂದ ಸುಟ್ಟ ಮೂರು ಗುರುತು. "ಈ ಸಲ ಕಳಿಸಿದ್ರೆ ನನ್ನ ಹೆಣ ಬರುತ್ತಮ್ಮಾ" ಎಂದಳು. ತಾಯಿ ಬಾಯಿ ತೆರೆಯುವ ಮುಂಚೆಯೇ ಅಳಿಯ ಕಬ್ಬಿಣದ ಸಲಾಕೆ ಹಿಡಿದು ಒಳನುಗ್ಗಿದ.

"ಕಳಿಸಿ ಅತ್ತೆ ಅವಳನ್ನ."

"ಕೂತ್ಕೊಳಿ, ಮಾತಾಡೋಣ" ಎಂದಳು ಹುರುಪೆಯಕ್ಕ.

ಅವನು ಕೂರಲಿಲ್ಲ. ದೊಡ್ಡ ಗಾಜಿನ ತೊಟ್ಟಿಯ ಅಂಚಿಗೆ ಸಲಾಕೆ ಇಟ್ಟ. ಹುರುಪೆಯಕ್ಕನ ಜೊತೆ ಎಂಟು ಹೆಂಗಸರು ಮೂರು ವಾರ ದುಡಿದ ಹೊಳಪು ಅದರಲ್ಲಿತ್ತು. ಅಷ್ಟು ಚೆನ್ನಾದ್ದು ತನ್ನ ಕೈಯಿಂದ ಹಿಂದೆಂದೂ ಬಂದಿರಲಿಲ್ಲ ಎಂದು ಅವಳು ಹಿಂದಿನ ದಿನವಷ್ಟೇ ಹೇಳಿಕೊಂಡಿದ್ದಳು. ಅತ್ತೆಗೆ ಕೆಲಸವೆಂದರೆ ಪ್ರಾಣ ಎನ್ನುವುದು ಅಳಿಯನಿಗೆ ಚೆನ್ನಾಗಿ ಗೊತ್ತು.

"ಹೆಂಡ್ತಿನ ಕೊಡ್ತೀರೋ, ಇದನ್ನ ಒಡೆದು ಚರಂಡಿಗೆ ಬಿಡ್ಲೋ?"

ಹುರುಪೆಯಕ್ಕ ತೊಟ್ಟಿ ನೋಡಿದಳು, ಮಗಳ ಕೈ ನೋಡಿದಳು. ಬಗ್ಗಿ, ಮೇಜಿನ ಕೆಳಗಿನ ಜಾಡಿ ಎತ್ತಿ, ಇಡೀ ಆಸಿಡ್ಡನ್ನು ತಾನೇ ತೊಟ್ಟಿಗೆ ಸುರಿದು ಕೋಲು ಹಾಕಿ ಕಲಕಿದಳು. ಬಿಳಿ ಹೊಗೆ ಎದ್ದು ಎಲ್ಲರ ಗಂಟಲು ಉರಿಯಿತು. ನೀರೊಳಗಿನ ಬೆಳ್ಳಿ ಕಣ್ಣೆದುರಿಗೇ ಮಂಕಾಯಿತು, ತೆಳುವಾಯಿತು, ಇಲ್ಲವಾಯಿತು.

"ತಗೋ, ಒಡಿ ಈಗ! ಇನ್ನೇನು ಹಿಡ್ಕೊಂಡು ಹೆದರಿಸ್ತೀಯೋ ನನ್ನ?" ಎಂದಳು. ಅಳಿಯನನ್ನು ಅವಳು ಏಕವಚನದಲ್ಲಿ ಕರೆದದ್ದು ಅದೇ ಮೊದಲು.

ಸಲಾಕೆ ಅವಳ ಹೆಗಲ ಮೂಳೆಯ ಮೇಲೆ ಬಿತ್ತು. ಮೂಳೆ ಮುರಿದ ಸದ್ದು ಎಲ್ಲರಿಗೂ ಕೇಳಿಸಿತು. ಅವಳು ಬಿದ್ದಳು. ಎರಡನೆಯ ಏಟಿಗೆ ಅವನು ಕೈ ಎತ್ತುವಷ್ಟರಲ್ಲಿ ಮಗಳು ಎಡಗೈಯಿಂದ ಕಲಕುಗೋಲು ಎಳೆದುಕೊಂಡು ಅವನ ಮುಖಕ್ಕೆ ಬೀಸಿದಳು. ಮೂಗಿನಿಂದ ರಕ್ತ ಚಿಮ್ಮಿತು. ಆಮೇಲೆ ಅಲ್ಲಿ ಕೆಲಸದಲ್ಲಿದ್ದ ಎಂಟು ಹೆಂಗಸರೂ ಕೈಗೆ ಸಿಕ್ಕ ಕೋಲು, ಬಕೆಟ್ಟು, ಬೂಟುಗಾಲುಗಳಿಂದ ಅವನನ್ನು ಹಣ್ಣುಗಾಯಿ ನೀರುಗಾಯಿ ಮಾಡಿದರು. ಒಬ್ಬೊಬ್ಬಳೂ ತನ್ನ ಮನೆಯ ಲೆಕ್ಕವನ್ನೂ ಅಲ್ಲೇ ತೀರಿಸಿಕೊಂಡಳೋ ಏನೋ. ಎರಡು ಹಲ್ಲುಗಳನ್ನು ಒದ್ದೆ ನೆಲದ ಮೇಲೆ ಬಿಟ್ಟು ಅವನು ತೆವಳಿಕೊಂಡು ಬಾಗಿಲು ದಾಟಿದ. ನನಗೆ ಅಯ್ಯೋ ಅನ್ನಿಸಲಿಲ್ಲ.

ಹುರುಪೆಯಕ್ಕ ಗೋಡೆಗೆ ಒರಗಿ ನರಳುತ್ತಿದ್ದಳು. ಮಗಳು ನಾಲ್ಕು ಮಾರು ದೂರದಲ್ಲೇ ನಿಂತಳು, ಹತ್ತಿರ ಬರಲಿಲ್ಲ.

"ಇವತ್ತು ತಡೆದೆ. ಹೋದ ಎರಡು ಸಲ ಯಾಕಮ್ಮಾ ತಡೀಲಿಲ್ಲ?"

"ನನ್ನ ಪರವಾಗಿ ಯಾರೂ ಯಾವತ್ತೂ ನಿಂತಿರ್ಲಿಲ್ಲ ಕಣೇ..." ಎಂದು ಶುರುಮಾಡಿದ ತಾಯಿ ಅಲ್ಲೇ ನಿಲ್ಲಿಸಿದಳು. "ಅಲ್ಲ. ಅದೆಲ್ಲಾ ನೆಪ. ಅವನು ಹೊಡೀತಾನೆ ಅಂತ ಗೊತ್ತಿದ್ದೂ ನಿನ್ನ ಕೈಯಲ್ಲಿ ಟಿಕೆಟ್ ಇಟ್ಟೋಳು ನಾನು."

ಕ್ಷಮಿಸಿದೆ ಎಂದು ಮಗಳು ಹೇಳಲಿಲ್ಲ, ಇವತ್ತಿಗೂ ಹೇಳಿಲ್ಲ. ಆದರೆ ಹತ್ತಿರ ಬಂದು, ಮುರಿಯದ ಕೈಯನ್ನು ತಾಯಿಯ ಮುರಿಯದ ತೋಳಿನಡಿ ಹಾಕಿ, "ಏಳು" ಎಂದಳು.